ಹದಿನೇಳನೇ ನಂಬರಿನ ರಕ್ತ

ತನ್ನ ಪ್ರಯೋಗದಿಂದ ನನ್ನ ರಕ್ತವನ್ನು ಕೈಬಿಡುವುದಕ್ಕೆ ನನ್ನದೇ ಸಹಿ ಬೇಕೆಂದು ಧಾರಿಣಿ ಒಂದು ಫಾರಂ ತಂದು ಮುಂದಿಟ್ಟಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು, ಒಂದು ದಿನಾಂಕ ತಪ್ಪಿದ್ದರೂ ಫೈಲು ವಾಪಸು ಕಳಿಸುತ್ತಿದ್ದ ಸೆಕ್ಷನ್ ಆಫೀಸರ್ ಕೇಶವಮೂರ್ತಿ ನಾನು. ನಿವೃತ್ತನಾಗಿ ಫರೀದಾಬಾದಿನ ಫ್ಲ್ಯಾಟಿನಲ್ಲಿ ನೆಮ್ಮದಿಯಾಗಿದ್ದವನನ್ನು ಈಗ ಒಂದು ಹುಡುಗಿ ವಾಪಸು ಕಳಿಸಲು ಬಂದಿದ್ದಳು. ಅದೂ ಎಂಥ ಕಾರಣಕ್ಕೆ? ನಾನು ಕದ್ದು ಬೀಡಿ ಸೇದುತ್ತೇನೆ ಎಂಬ ಗುಮಾನಿಗೆ.

ಧಾರಿಣಿ ನನ್ನ ಹೆಂಡತಿ ಶಾರದೆಯ ಅಣ್ಣನ ಮಗಳು. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತಾಳೆ. ಅಪ್ಪನಿಗೆ ಭುವನೇಶ್ವರಕ್ಕೆ ವರ್ಗವಾದ ಮೇಲೆ ಮುಖರ್ಜಿ ನಗರದ ಒಂದು ಪಿ.ಜಿ.ಯಲ್ಲಿದ್ದಾಳೆ. ಇಡೀ ಬೀದಿ ಐಎಎಸ್‌ಗೆ ಉರು ಹೊಡೆಯುತ್ತಿದ್ದರೆ ಇವಳೊಬ್ಬಳು ಯೂನಿವರ್ಸಿಟಿಯಲ್ಲಿ ನುಗ್ಗೆ ಸೊಪ್ಪು ಕುದಿಸಿ ಪಿಎಚ್‌ಡಿ ಮಾಡುತ್ತಿದ್ದಾಳೆ.

ಅವಳ ವಿಷಯವನ್ನು ಅವಳೇ ನಮಗೆ ಬಿಡಿಸಿ ಹೇಳಿದ್ದಳು. ಮೈಯೊಳಗೆ ದಿನವೂ ಒಂದು ಬಗೆಯ ತುಕ್ಕು ಹಿಡಿಯುತ್ತಿರುತ್ತದಂತೆ. ಹೊಗೆ, ಧೂಳು, ಬಿಸಿಲು ಎಲ್ಲವೂ ಅದನ್ನು ಹೆಚ್ಚಿಸುತ್ತವೆ. ದಿಲ್ಲಿಯ ಗಾಳಿಯಂತೂ ಕೇಳುವುದೇ ಬೇಡ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದೇ ಕಾರಣಕ್ಕೆ. ಕೆಲವು ಗಿಡಗಳ ಸಾರಕ್ಕೆ ಈ ತುಕ್ಕನ್ನು ತಡೆಯುವ ಶಕ್ತಿಯಿದೆ, ಅದಕ್ಕೇ ಆಂಟಿಆಕ್ಸಿಡೆಂಟ್ ಎನ್ನುತ್ತಾರೆ. ಶಾರದೆ ಎಲ್ಲ ಕೇಳಿಸಿಕೊಂಡು, ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲವೆಂದು ನಮ್ಮಮ್ಮನಿಗೂ ಗೊತ್ತಿತ್ತು, ಅದಕ್ಕೆ ಐದು ವರ್ಷ ಓದಬೇಕಾ ಎಂದು ಕೇಳಿದಳು.

ಇಲಿಗಳ ಮೇಲೆ ನುಗ್ಗೆ ಸೊಪ್ಪು ಗೆದ್ದಾಗಿತ್ತು. ಇನ್ನು ಮನುಷ್ಯರು ಬೇಕಿತ್ತು, ಅದೂ ಒಂದೇ ಬಗೆಯ ಊಟ ಮಾಡುವ ಮನುಷ್ಯರು. ನಮ್ಮ ಸೆಕ್ಟರಿನ ಕನ್ನಡ ಕೂಟಕ್ಕಿಂತ ಬೇರೆ ಯಾರು ಬೇಕು? ಇಪ್ಪತ್ನಾಲ್ಕು ಜನ, ಎಲ್ಲರೂ ಐವತ್ತು ದಾಟಿದವರು, ಮಧ್ಯಾಹ್ನ ಅನ್ನ ಹುಳಿ, ರಾತ್ರಿ ಅನ್ನ ಸಾರು. ಉತ್ತರ ಭಾರತದಲ್ಲಿ ಮೂವತ್ತು ವರ್ಷ ಇದ್ದರೂ ರಾಜ್ಮಾ ಎಂದರೆ ಮುಖ ಸಿಂಡರಿಸುವವರು. ಧಾರಿಣಿಗೆ ನಮ್ಮನ್ನು ನೋಡಿ ನಿಧಿ ಸಿಕ್ಕಷ್ಟು ಸಂತೋಷವಾಯಿತು.

ಮೂರು ವಾರ ದಿನಕ್ಕೆರಡು ಕ್ಯಾಪ್ಸೂಲ್ ನುಂಗಬೇಕು. ಅರ್ಧ ಜನರ ಕ್ಯಾಪ್ಸೂಲಿನಲ್ಲಿ ನುಗ್ಗೆ ಸೊಪ್ಪಿನ ಸಾರ, ಇನ್ನರ್ಧ ಜನರದ್ದರಲ್ಲಿ ಬರೀ ಅಕ್ಕಿಹಿಟ್ಟು. ಯಾರಿಗೆ ಯಾವುದು ಎಂಬುದು ಧಾರಿಣಿಗೂ ಗೊತ್ತಿಲ್ಲ, ಆ ಪಟ್ಟಿ ಅವಳ ಗೈಡ್ ಖುರಾನಾ ಮೇಡಂ ಅವರ ಬೀರುವಿನಲ್ಲಿ ಭದ್ರ. ಕೊನೆಯ ದಿನ ಎಲ್ಲರ ರಕ್ತ ತೆಗೆದು, ಕೆಂಪು ಕಣಗಳನ್ನು ಬೇರೆ ಮಾಡಿ, ಗಾಯ ತೊಳೆಯುವಾಗ ನೊರೆ ಬರುತ್ತದಲ್ಲ, ಆ ಪೆರಾಕ್ಸೈಡ್ ಹಾಕುತ್ತಾರೆ. ಗಟ್ಟಿಯಿರುವ ಕಣಗಳು ತಾಳಿಕೊಂಡು ತಳಕ್ಕೆ ಕೂರುತ್ತವೆ, ಮೇಲಿನ ನೀರು ತಿಳಿಯಾಗಿರುತ್ತದೆ. ತಾಳದ ಕಣಗಳು ಒಡೆದುಹೋಗಿ ನೀರೆಲ್ಲ ಕೆಂಪಾಗುತ್ತದೆ.

ಷರತ್ತು ಒಂದೇ ಒಂದು. ಆ ಮೂರು ವಾರ ಕಾಫಿ, ಟೀ ಬಿಡಬೇಕು.

ಅದನ್ನು ಅವಳು ನಮ್ಮ ಹಾಲಿನಲ್ಲಿ ಓದಿದಾಗ ಇಪ್ಪತ್ನಾಲ್ಕು ಜನ ಶೋಕಸಭೆಯಲ್ಲಿ ಕೂತ ಹಾಗೆ ಕೂತರು. ಅಂಚೆ ಇಲಾಖೆಯಿಂದ ನಿವೃತ್ತನಾದ ನನ್ನ ಗೆಳೆಯ ಚಿದಂಬರ, ಹಾಲು ಹಾಕದೆ ಬರೀ ಡಿಕಾಕ್ಷನ್ ಕುಡಿದರೆ ನಡೆಯುತ್ತದೆಯೇ ಎಂದು ವಿಚಾರಿಸಿದ. ನಡೆಯುವುದಿಲ್ಲ ಎಂದಳು. ಕೊನೆಗೆ, ನಮ್ಮ ಹುಡುಗಿ, ಪಾಪ, ಅವಳಿಗೆ ಒಳ್ಳೆಯದಾಗಲಿ ಎಂದು ಎಲ್ಲರೂ ಒಪ್ಪಿದರು. ದಿನವೂ ಚಾರ್ಟಿನಲ್ಲಿ ‘ಕಾಫಿ ಬಿಟ್ಟಿದ್ದೇನೆ’ ಎಂಬ ಚೌಕದಲ್ಲಿ ಗುರುತು ಹಾಕುವುದೆಂದಾಯಿತು. ನನಗೆ ಹದಿನೇಳನೇ ನಂಬರು ಬಂತು.

ನಾನು ಬಿಟ್ಟೆ ಸ್ವಾಮಿ. ಸುತ್ತೋಲೆಯಲ್ಲಿ ಬಿಡಿ ಎಂದಿದ್ದರೆ ಬಿಡಬೇಕು, ಅದರಲ್ಲಿ ಚರ್ಚೆಯೇನಿದೆ? ಎರಡನೆಯ ದಿನ ತಲೆಯೊಳಗೆ ಯಾರೋ ಮೆಣಸಿನಕಾಯಿ ಕುಟ್ಟತೊಡಗಿದರು. ಮೂರನೆಯ ದಿನ, ನುಗ್ಗೆ ಸೊಪ್ಪನ್ನು ದನಕ್ಕೆ ಹಾಕುವುದು ಎಂದ ತರಕಾರಿ ಭಯ್ಯಾನ ಜೊತೆ ಬೀದಿಯಲ್ಲಿ ಜಗಳವಾಡಿದೆ. ಐದನೆಯ ದಿನ ಲಿಫ್ಟಿನ ಬಗ್ಗೆ ಮೂರು, ಮೆಟ್ರೋದವರ ಎಸ್ಕಲೇಟರಿನ ಬಗ್ಗೆ ಎರಡು ದೂರು ಬರೆದೆ. ಆರನೆಯ ದಿನ ಸಿಕ್ಕದ ಚಪ್ಪಲಿಯನ್ನು ನೀನು ಎಂದು ಏಕವಚನದಲ್ಲಿ ಬೈದೆ. ಜೊತೆಗೆ ನವೆಂಬರಿನ ಹೊಗೆ. ಎದುರಿನ ಬ್ಲಾಕು ಕಾಣುತ್ತಿರಲಿಲ್ಲ, ನನ್ನ ಮೂಗು ಎರಡೂ ಕಡೆ ಕಟ್ಟಿಹೋಗಿ ಒಗ್ಗರಣೆಯ ವಾಸನೆಯೂ ಹತ್ತುತ್ತಿರಲಿಲ್ಲ.

ಮಿಕ್ಕವರೋ, ಹೂವಿನಂತಿದ್ದರು. ಬೆಳಗಿನ ವಾಕಿಂಗಿನಲ್ಲಿ ಚಿದಂಬರ ಸಿಳ್ಳೆ ಹಾಕುತ್ತಾ ಬರುತ್ತಿದ್ದ. ತಲೆನೋವಿಲ್ಲವೇ ಎಂದರೆ, ಮನಸ್ಸು ಗಟ್ಟಿಯಿದ್ದರೆ ಏನೂ ಆಗುವುದಿಲ್ಲ ಮಾರಾಯ ಎಂದು ನನಗೇ ಉಪದೇಶ ಮಾಡುತ್ತಿದ್ದ. ಮನೆಯಲ್ಲಿ ಶಾರದೆಯೂ ಹಾಗೇ. ಹೆಂಗಸರಿಗೆ ಸಂಯಮ ಜಾಸ್ತಿ ಎಂದುಕೊಂಡು ನಾನು ಮನಸ್ಸಿನಲ್ಲೇ ಅವಳಿಗೆ ಕೈಮುಗಿದೆ.

ಡಿಸೆಂಬರಿನ ಮೊದಲ ವಾರ ಫಲಿತಾಂಶ ಬಂತು. ಇಪ್ಪತ್ಮೂರು ಕೊಳವೆಗಳು ತಿಳಿಯಾಗಿದ್ದವು. ಹದಿನೇಳನೆಯದೊಂದು ಮಾತ್ರ ದಂಟಿನ ಸೊಪ್ಪಿನ ಸಾರಿನ ಹಾಗೆ ಕೆಂಪಗೆ. ಮೇಡಂ ಬೀರುವಿನಿಂದ ಪಟ್ಟಿ ತೆಗೆದು ನೋಡಿದರೆ, ನುಗ್ಗೆ ಸೊಪ್ಪು ತಿಂದವರಿಗೂ ಅಕ್ಕಿಹಿಟ್ಟು ತಿಂದವರಿಗೂ ಏನೇನೂ ವ್ಯತ್ಯಾಸವಿಲ್ಲ. ಅಂದರೆ ನುಗ್ಗೆ ಸೊಪ್ಪು ದಂಡ, ಅಧ್ಯಾಯ ದಂಡ. ಮಾರ್ಚಿಗೆ ಧಾರಿಣಿಯ ಫೆಲೋಶಿಪ್ ಮುಗಿಯುತ್ತದೆ. ಈ ಅಧ್ಯಾಯವಿಲ್ಲದೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಡಿಗ್ರಿಯಿಲ್ಲ. ಆ ಒಂದು ಕೆಂಪು ಕೊಳವೆಯನ್ನು ಮೇಡಂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇಷ್ಟು ಹಾಳಾದ ರಕ್ತ ಯಾರೋ ಕಳ್ಳ ಧೂಮಪಾನಿಯದು, ಒಪ್ಪಿಗೆ ಬರೆಸಿಕೊಂಡು ಕೈಬಿಡು ಎಂದರಂತೆ. ಹಾಗೆ ಆ ಫಾರಂ ನನ್ನ ಮುಂದೆ ಬಂದಿತ್ತು.

ಧಾರಿಣಿ ಅಳಲಿಲ್ಲ. ಅವಳು ಅಳುವವಳಲ್ಲ, ದುಃಖವಾದರೆ ತಿನ್ನುತ್ತಾಳೆ. ಸೋಫಾದ ಮೇಲೆ ಕಾಲು ಮಡಿಸಿ ಕೂತು, ಗೋಡೆ ನೋಡುತ್ತಾ ಹನ್ನೊಂದು ಚಕ್ಕುಲಿ ತಿಂದಳು. ನನಗೆ ಅದನ್ನು ನೋಡಲಾಗಲಿಲ್ಲ.

ಶಾರದೆಗೆ ಬೇರೆಯೇ ಚಿಂತೆ. ನನ್ನ ನಾಲ್ಕು ಅಂಗಿಗಳನ್ನು ಬುಟ್ಟಿಯಿಂದ ತೆಗೆದು ಒಂದೊಂದಾಗಿ ಮೂಸಿದಳು. ಈ ವಯಸ್ಸಿನಲ್ಲಿ ಇದೇನು ಚಾಳಿ, ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿ ನನಗೆ ಮೋಸ ಮಾಡಿದಿರಲ್ಲ ಎಂದಳು. ಚಿದಂಬರನಿಗೆ ಫೋನು ಹೋಯಿತು. ಆ ಮಹಾಶಯ, ಕೇಶವ ಸೇದುವುದನ್ನು ನಾನಂತೂ ನೋಡಿಲ್ಲ, ಆದರೆ ನಾನು ನೋಡದೇ ಇರುವುದು ಎಷ್ಟೋ ಇರುತ್ತದೆ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿದ. ನಾನು ಫಾರಂ ಅನ್ನು ಮಡಚಿಟ್ಟೆ. ಕಾರಣ ಸಾಬೀತಾಗದೆ ಸಹಿ ಹಾಕುವುದಿಲ್ಲ, ನಿಮ್ಮ ಮೇಡಂಗೆ ಹೀಗೆಂದು ಹೇಳು ಎಂದೆ. ಧಾರಿಣಿ ಅವತ್ತು ನಮ್ಮ ಮನೆಯಲ್ಲೇ ಉಳಿದಳು.

ಮರುದಿನ ಬೆಳಗ್ಗೆ ನಾನು ಪೇಪರು ಹಿಡಿದು ಕೂತಿದ್ದೆ. ಧಾರಿಣಿ ಬ್ರೆಡ್ ಸುಟ್ಟು ಬೆಣ್ಣೆ ಸವರಿ ಅತ್ತೆಗೂ ಎರಡು ಸ್ಲೈಸ್ ತಂದಳು. ಶಾರದೆ ಕೈ ಅಡ್ಡ ಮಾಡಿದಳು.

“ನಂಗೆ ಬೇಡಮ್ಮ. ಇವತ್ತು ಸಂಕಷ್ಟಿ. ಚಂದ್ರ ಕಾಣೋವರೆಗೆ ಏನೂ ಮುಟ್ಟಲ್ಲ.”

ಹೀಗೆ ಹೇಳಿ ಲೋಟದಲ್ಲಿದ್ದ ಕಾಫಿಯನ್ನು ಒಂದು ಗುಟುಕು ಕುಡಿದಳು. ನಮ್ಮ ಮನೆಯಲ್ಲಿ ಅದು ಎಷ್ಟು ಸಹಜವೆಂದರೆ ನಾನು ಪೇಪರಿನಿಂದ ತಲೆಯೆತ್ತಲೂ ಇಲ್ಲ. ಧಾರಿಣಿ ಮಾತ್ರ ಬ್ರೆಡ್ಡಿನ ತಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟಳು.

“ಅತ್ತೆ, ಏನೂ ಮುಟ್ಟಲ್ಲ ಅಂದ್ರಿ. ತೋ ಫಿರ್, ಇದು?”

“ಇದು ಕಾಫಿ ಕಣೇ.”

“ಕಾಫಿ ಕುಡಿದ್ರೆ ವ್ರತ ಕೆಡಲ್ವಾ?”

“ಬೆಳಗಿನ ಕಾಫಿಗೆ ಯಾವ ವ್ರತ ಕೆಡತ್ತೆ? ನಿರ್ಜಲ ಏಕಾದಶಿಗೂ ನಮ್ಮಮ್ಮ ಕುಡೀತಿದ್ರು.”

ಧಾರಿಣಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಹಾವಿನ ಮುಂದೆ ನಿಂತವಳ ಹಾಗೆ ಬಹಳ ಹುಷಾರಾಗಿ ಮುಂದಿನ ಪ್ರಶ್ನೆ ಕೇಳಿದಳು. “ಆ ಮೂರು ವಾರನೂ ಬೆಳಗ್ಗೆ ಕುಡಿದ್ರಾ?”

ಶಾರದೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನೀನು ಕಾಫಿ ಬಿಡಿ ಅಂದೆ, ಬಿಟ್ಟೆ. ಹನ್ನೊಂದು ಗಂಟೇದು ಬಿಟ್ಟೆ, ನಾಲ್ಕು ಗಂಟೇದು ಬಿಟ್ಟೆ, ಸಂಜೆ ದೀಪ ಹಚ್ಚಿದ ಮೇಲಿಂದೂ ಬಿಟ್ಟೆ. ಬೆಳಗ್ಗೆ ಎದ್ದ ತಕ್ಷಣದ್ದನ್ನ ಯಾರಾದ್ರೂ ಬಿಡ್ತಾರೇನೇ?”

ನಾನು ಪೇಪರು ಕೆಳಗಿಳಿಸಿದೆ. ಅದುವರೆಗೆ ನನಗೆ ಗೊತ್ತಿರಲಿಲ್ಲ. ನಾನು ವಾಕಿಂಗಿಗೆ ಹೋದ ಕೂಡಲೇ ಅವಳು ಕುಡಿದು, ನನಗೆ ಆಸೆಯಾಗಬಾರದೆಂದು ಫಿಲ್ಟರನ್ನು ತೊಳೆದು ದೇವರಮನೆಯ ಕಪಾಟಿನಲ್ಲಿ ಇಡುತ್ತಿದ್ದಳಂತೆ. ಮೂಗು ಕಟ್ಟಿದ್ದ ನನಗೆ ಘಮವೂ ಹತ್ತಿರಲಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗಾದರೂ ಒಂದಿಷ್ಟು ಅಳುಕಿರುತ್ತದೆ, ಇವಳಿಗೆ ಅದೂ ಇರಲಿಲ್ಲ. ಇಪ್ಪತ್ತೊಂದು ದಿನ ಶುದ್ಧ ಮನಸ್ಸಿನಿಂದ ಚೌಕದಲ್ಲಿ ಗುರುತು ಹಾಕಿದ್ದಳು.

ಧಾರಿಣಿ ನಗತೊಡಗಿದಳು. ನಕ್ಕು ನಕ್ಕು ಬಿಕ್ಕಳಿಕೆ ಬಂದು, ನೀರು ಕುಡಿಯಲು ಹೋಗಿ ಮತ್ತೆ ನಕ್ಕಳು. ಆಮೇಲೆ ಫೋನು ಹಿಡಿದು ಕೂಟದ ಒಬ್ಬೊಬ್ಬರಿಗೂ ಕರೆ ಮಾಡಿ, ಬಹಳ ವಿನಯದಿಂದ, ಬೆಳಗಿನದ್ದು ಕುಡಿಯುತ್ತಿದ್ದಿರಾ ಎಂದು ಕೇಳಿದಳು. ಎಲ್ಲರದೂ ಒಂದೇ ಉತ್ತರ: ಹೌದು, ಬೆಳಗಿನದ್ದು ಕುಡಿದೆವು, ಆದರೆ ಕಾಫಿ ಬಿಟ್ಟಿದ್ದೆವು. ಚಿದಂಬರ ಮಾತ್ರ, ಅವಳು ಪ್ರಶ್ನೆ ಮುಗಿಸುವ ಮೊದಲೇ, ಕೇಶವನ ಮುಂದೆ ನಾನೇನೂ ಕುಡಿದಿಲ್ಲ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಅವನು. ಐದು ಗಂಟೆಗೆ ದೊಡ್ಡ ಲೋಟದ ತುಂಬ ಕುಡಿದು, ಆರು ಗಂಟೆಗೆ ನನ್ನ ತಲೆನೋವಿಗೆ ಉಪದೇಶ ಮಾಡುತ್ತಿದ್ದನಂತೆ.

ಇಪ್ಪತ್ಮೂರಕ್ಕೆ ಇಪ್ಪತ್ಮೂರು. ಕಾಫಿ ಬೀಜದ ಕಷಾಯವೂ ಗಿಡದ ಸಾರವೇ ಅಲ್ಲವೇ ಎಂದು ಧಾರಿಣಿ ಕೋಣೆಯ ತುಂಬ ಓಡಾಡುತ್ತಾ ಹೇಳಿದಳು. ಅದು ನುಗ್ಗೆ ಸೊಪ್ಪಿಗಿಂತ ಮೊದಲೇ ಹೋಗಿ ಎಲ್ಲರ ರಕ್ತಕ್ಕೂ ಕಾವಲು ನಿಂತಿತ್ತು. ಅದರ ಮುಂದೆ ಸೊಪ್ಪಿನ ಕೆಲಸ ಎಲ್ಲಿ ಕಾಣಬೇಕು? ಪಟ್ಟಿಯಲ್ಲಿ ನನ್ನ ಪಾಲಿಗಿದ್ದದ್ದು ಅಕ್ಕಿಹಿಟ್ಟು. ಕಾಫಿಯೂ ಇಲ್ಲದೆ, ಅದನ್ನು ತಿಂದು, ದಿಲ್ಲಿಯ ಹೊಗೆ ಕುಡಿದವನು ಭೂಮಂಡಲದಲ್ಲಿ ನಾನೊಬ್ಬನೇ. ಕೈಬಿಡಬೇಕೆಂದಿದ್ದ ರಕ್ತವೇ ಸತ್ಯ ಹೇಳಿತ್ತು. ನಾನು ಅವತ್ತು ಶಾರದೆಯನ್ನು ನೋಡಿದ ನೋಟದಲ್ಲಿ ಮೂವತ್ನಾಲ್ಕು ವರ್ಷದ ಸರ್ಕಾರಿ ಸೇವೆಯ ಗಾಂಭೀರ್ಯವೆಲ್ಲ ಇತ್ತು. ಅವಳು ಮುಖ ತಿರುಗಿಸಿ, ಬೀಡಿ ವಿಷಯ ಸುಮ್ಮನೆ ಕೇಳಿದ್ದು ಎಂದಳು.

ಮಾರನೆಯ ದಿನವೇ ಧಾರಿಣಿ ನನ್ನನ್ನು ಮೆಟ್ರೋದಲ್ಲಿ ಕೂರಿಸಿಕೊಂಡು ಖುರಾನಾ ಮೇಡಂ ಹತ್ತಿರ ಕರೆದುಕೊಂಡು ಹೋದಳು. ಮೇಡಂ ಎಲ್ಲ ಕೇಳಿ, ಒಬ್ಬ ಮನುಷ್ಯನಿಂದ ವಿಜ್ಞಾನವಾಗುವುದಿಲ್ಲ, ಇನ್ನೊಂದು ಸಲ ಮಾಡಬೇಕು ಎಂದರು. ಆದರೆ ಈ ಜನರನ್ನು ಇಟ್ಟುಕೊಂಡು ಮಾಡುವುದು ಬೇಡ, ಮೂರು ವಾರ ಸುಳ್ಳು ಗುರುತು ಹಾಕಿದವರನ್ನು ನಂಬುವುದು ಹೇಗೆ ಎಂದು ಕೇಳಿದರು. ಹೊಸಬರನ್ನು ಹುಡುಕುವಷ್ಟು ಸಮಯವಿಲ್ಲವೆಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಧಾರಿಣಿಯ ಕಿವಿ ಕೆಂಪಾಯಿತು. ಅವರು ಯಾರೂ ಸುಳ್ಳು ಹೇಳಿಲ್ಲ ಮೇಡಂ, ಬೆಳಗಿನ ಕಾಫಿಯ ಬಗ್ಗೆ ನಾನೇ ಕೇಳಲಿಲ್ಲ, ಅವರ ಪರವಾಗಿ ನಾನು ಹೊಣೆ ಎಂದು ಹಿಂದಿಯಲ್ಲಿ ಹೇಳಿದಳು. ಮೇಡಂ ಕೊನೆಗೆ ಒಪ್ಪಿದರು. ಈ ಸಲ ಒಂದು ಗುಟುಕನ್ನೂ ಯಾರೂ ಕುಡಿಯುವಂತಿಲ್ಲ. ಹದಿನೇಳನೇ ನಂಬರಿನವರು ಮಾತ್ರ, ಆ ಕೆಂಪು ನಿಜವಾಗಿ ಕಾಫಿ ಬಿಟ್ಟಿದ್ದರಿಂದಲೇ ಬಂದದ್ದೇ ಎಂದು ತಿಳಿಯಬೇಕಾದ್ದರಿಂದ, ದಿನವೂ ಬೆಳಗ್ಗೆ ತಪ್ಪದೆ ಕುಡಿಯಬೇಕು.

ಆ ಕೊನೆಯ ಮಾತನ್ನು ನಾನು ಬರೆಸಿಕೊಂಡು ಬಂದೆ.

ಕೂಟ ಮತ್ತೆ ನಮ್ಮ ಹಾಲಿನಲ್ಲಿ ಸೇರಿತು. ವಿಷಯ ಹೇಳಿದ್ದೇ ತಡ, ನೆಪಗಳು ಶುರುವಾದವು. ಒಬ್ಬರು ಮಂಡಿ ನೋವೆಂದರು, ಒಬ್ಬರು ಮಗನ ಮನೆಗೆ ಗುರುಗ್ರಾಮಕ್ಕೆ ಹೋಗಬೇಕೆಂದರು. ಧಾರಿಣಿ ಚಕ್ಕುಲಿ ಡಬ್ಬಿಯ ಕಡೆ ನೋಡುತ್ತಿದ್ದಳು. ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾರದೆ, ನಾನು ಬಿಡುತ್ತೇನೆ ಎಂದಳು. ಇವಳು ಹೆರಿಗೆಯ ಬೆಳಗ್ಗೆಯೂ ಕಾಫಿ ಕುಡಿದು ಆಸ್ಪತ್ರೆಗೆ ಹೊರಟವಳೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳೇ ಬಿಡುವಾಗ ಮಿಕ್ಕವರು ಏನು ಹೇಳುತ್ತಾರೆ? ಒಬ್ಬೊಬ್ಬರಾಗಿ ಸಹಿ ಹಾಕಿದರು, ಚಿದಂಬರ ಎಲ್ಲರಿಗಿಂತ ಕೊನೆಗೆ.

ಜನವರಿಯ ಆ ಮಂಜಿನಲ್ಲಿ ಮೊದಲ ಮೂರು ದಿನ ನಾನು ಪಟ್ಟ ಸುಖ ಇಂದ್ರನೂ ಪಟ್ಟಿರಲಾರ. ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಪಾರ್ಕಿಗೆ ಹೋಗುತ್ತಿದ್ದೆ. ಚಿದಂಬರನ ಪಕ್ಕ ಕೂತು, ಅವನಿಗೆ ಕೇಳಿಸುವ ಹಾಗೆ ಸುರ್ ಎಂದು ಎಳೆದು, ಮನಸ್ಸು ಗಟ್ಟಿಯಿದ್ದರೆ ಏನೂ ಆಗುವುದಿಲ್ಲ ಮಾರಾಯ ಎನ್ನುತ್ತಿದ್ದೆ. ಅವನು ಬೇರೆ ಬೆಂಚಿಗೆ ಹೋದ, ನಾನೂ ಅಲ್ಲಿಗೆ ಹೋದೆ. ಇಡೀ ಸೆಕ್ಟರಿನ ಕನ್ನಡಿಗರು ಸಣ್ಣಪುಟ್ಟ ಮಾತಿಗೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಕೂಟದ ವಾಟ್ಸಾಪ್ ಗುಂಪಿನಿಂದ ಒಂದೇ ವಾರದಲ್ಲಿ ಏಳು ಜನ ಹೊರಗೆ ಹೋಗಿ ಮತ್ತೆ ಸೇರಿದರು.

ನಾಲ್ಕನೆಯ ಬೆಳಗ್ಗೆ ಶಾರದೆ ನನಗೆ ಕಾಫಿ ತಂದುಕೊಟ್ಟಾಗ ತಲೆಗೆ ಒದ್ದೆ ಬಟ್ಟೆ ಬಿಗಿದು ಕಟ್ಟಿದ್ದಳು. ಕಣ್ಣು ಒಳಗೆ ಹೋಗಿತ್ತು. ನನಗಾಗಿ ದಿನವೂ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಆ ಘಮದಲ್ಲೇ ನಿಂತು ಬೆರೆಸಿ ತರುತ್ತಿದ್ದವಳು ಅವಳೇ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಜನ್ಮದಲ್ಲಿ ಒಂದೂ ನಿಯಮ ಮುರಿಯದ ನಾನು ಲೋಟವನ್ನು ಅವಳ ಕಡೆ ಚಾಚಿದೆ.

“ಒಂದು ಗುಟುಕು ಕುಡಿ ಶಾರದಾ. ಇಪ್ಪತ್ನಾಲ್ಕು ಜನರಲ್ಲಿ ಯಾರಿಗೆ ಗೊತ್ತಾಗತ್ತೆ?”

ಅವಳು ಲೋಟವನ್ನು ನೋಡಿದಳು, ನನ್ನನ್ನೂ ನೋಡಿದಳು. “ಸುಮ್ನೆ ಕುಡೀರಿ. ಆ ಹುಡುಗಿ ನಮ್ಮ ಹೊಣೆ ಹೊತ್ತು ಬಂದಿದಾಳೆ.”

ಅವತ್ತಿನಿಂದ ನಾನೇ ಎದ್ದು ಕಾಫಿ ಮಾಡಿಕೊಂಡು, ಬಾಲ್ಕನಿಯ ಬಾಗಿಲು ಹಾಕಿಕೊಂಡು, ಚಳಿಯಲ್ಲಿ ನಿಂತು ಔಷಧಿಯ ಹಾಗೆ ಕುಡಿದೆ. ಫ್ಲಾಸ್ಕನ್ನು ಪಾರ್ಕಿಗೆ ಒಯ್ಯುವುದನ್ನೂ ಬಿಟ್ಟೆ. ಚಿದಂಬರನಿಗೆ ಅದೇಕೆಂದು ಹೇಳಲು ನಾಚಿಕೆಯಾಗಿ, ಫ್ಲಾಸ್ಕು ಒಡೆಯಿತು ಎಂದೆ.

ಇಪ್ಪತ್ತೆರಡನೆಯ ದಿನ ಎಲ್ಲರೂ ಹೋಗಿ ರಕ್ತ ಕೊಟ್ಟು ಬಂದೆವು. ನಾಲ್ಕು ದಿನ ಬಿಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ ಧಾರಿಣಿಯ ವಿಡಿಯೋ ಕಾಲ್ ಬಂತು. ಪ್ರಯೋಗಶಾಲೆಯ ಬಿಳಿ ಕೋಟು, ಕೂದಲೆಲ್ಲ ಕೆದರಿತ್ತು, ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಹಿಂದೆ ಖುರಾನಾ ಮೇಡಂ ಪಟ್ಟಿ ಹಿಡಿದು ನಿಂತಿದ್ದರು. ಮಾವ, ನಿಮ್ಮದು ಬಿಲ್ಕುಲ್ ಕ್ಲಿಯರ್ ಎಂದು ಹದಿನೇಳನೆಯ ಕೊಳವೆಯನ್ನು ತೋರಿಸಿದಳು. ನುಗ್ಗೆ ಸೊಪ್ಪು ತಿಂದ ಹನ್ನೆರಡು ಜನರದ್ದು ತಿಳಿಗುಲಾಬಿ. ಅಕ್ಕಿಹಿಟ್ಟು ತಿಂದ ಹನ್ನೊಂದು ಜನರದ್ದು ಸಾಲಾಗಿ ಕೆಂಪು, ಒಂದೂ ಬಿಡದೆ ಕೆಂಪು. ಹನ್ನೊಂದು ಜನರಲ್ಲಿ ಒಬ್ಬರೂ ಒಂದು ಗುಟುಕೂ ಕುಡಿದಿರಲಿಲ್ಲ. ಅಧ್ಯಾಯ ಉಳಿಯಿತು, ಮಾರ್ಚಿಗೆ ಪ್ರಬಂಧ ಕೊಡುತ್ತೇನೆ ಎಂದು ಧಾರಿಣಿ ನಗುತ್ತಾ ಕಣ್ಣೊರೆಸಿಕೊಂಡಳು.

ಶಾರದೆ ಕೈಯಲ್ಲಿದ್ದ ಅನ್ನದ ಸೌಟನ್ನೂ ಕೆಳಗಿಡದೆ, ನನ್ನದು ಯಾವುದು ಎಂದು ಕೇಳಿದಳು. ಧಾರಿಣಿ ಸಾಲಿನ ತುದಿಯ ಕೊಳವೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಹನ್ನೊಂದರಲ್ಲಿ ಅದೇ ಎಲ್ಲಕ್ಕಿಂತ ಕಡುಗೆಂಪು. ನನ್ನ ಕಣ್ಣು ಮಂಜಾಯಿತು, ಅದನ್ನು ಮುಚ್ಚಿಕೊಳ್ಳುವ ಪ್ರಯತ್ನವನ್ನೂ ನಾನು ಮಾಡಲಿಲ್ಲ. ಶಾರದೆ ನನ್ನ ಕೈಯಿಂದ ಫೋನು ಕಸಿದುಕೊಂಡು ಆ ಕೆಂಪನ್ನು ಹತ್ತಿರ ಹಿಡಿದು ನೋಡಿದಳು. ಆಮೇಲೆ ಬಾಗಿಲು ತೆರೆದು, ಎದುರು ಫ್ಲ್ಯಾಟಿನವರಿಗೂ ತೋರಿಸಲು ಹೊರಟಳು.